ವರ್ಣವೂ ಅದರ ಕಾರಣವೂ

ಚಿನ್ನದ ಬಣ್ಣವೇನೆಂದು ಕೇಳಿದರೆ ಹಳದಿಯೆಂದು ಹೇಳದ ಬಾಲಕನಿಲ್ಲ. ಆದರೆ ಅದೇ ಚಿನ್ನವನ್ನು ನ್ಯಾನೊಮೀಟರಿನಲ್ಲಿ, ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗದ ಮಾನದಲ್ಲಿ, ಅಳೆಯಬೇಕಾದಷ್ಟು ಸೂಕ್ಷ್ಮ ಕಣಗಳಾಗಿಸಿ ನೀರಿನಲ್ಲಿ ಹರಡಿದರೆ ಆ ನೀರು ಮಾಣಿಕ್ಯದಂತೆ ಕೆಂಪೇರುತ್ತದೆ. ಆದುದರಿಂದ ಬಣ್ಣವು ವಸ್ತುವಿನ ಸಹಜಗುಣವೆಂಬ ಪಾಠವು ಅಪೂರ್ಣವಾದುದು. ಕಣದ ಗಾತ್ರ, ಆಕಾರ, ಅದನ್ನು ಸುತ್ತಿದ ದ್ರವ್ಯ ಇವೂ ವರ್ಣಕ್ಕೆ ಕಾರಣಗಳೇ.

ಕ್ರಿ.ಶ. 4ನೆಯ ಶತಮಾನದ ರೋಮನ್ ಕುಶಲಕರ್ಮಿಗಳಿಗೆ ಇದರ ಫಲವು ಕೈವಶವಾಗಿದ್ದಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಲೈಕರ್ಗಸ್ ಬಟ್ಟಲು ಹೊರಗಿನ ಬೆಳಕಿನಲ್ಲಿ ಹಸುರು. ಒಳಗೆ ದೀಪವಿಟ್ಟರೆ ಕೆಂಪು. ಅದರ ಗಾಜಿನಲ್ಲಿ ಬೆಳ್ಳಿ ಮತ್ತು ಚಿನ್ನದ ಸೂಕ್ಷ್ಮ ಕಣಗಳಡಗಿವೆ. ಇಂಥ ವರ್ಣದ ಕಾರಣವನ್ನು 1857ರಲ್ಲಿ ಪ್ರಯೋಗಗಳಿಂದ ಅರಸಿದವನು ಮೈಕೆಲ್ ಫ್ಯಾರಡೆ; 1908ರಲ್ಲಿ ಗಣಿತದಿಂದ ವಿವರಿಸಿದವನು ಗುಸ್ತಾವ್ ಮೀ. ಲೋಹಕಣದ ಎಲೆಕ್ಟ್ರಾನುಗಳು ಬೆಳಕಿನ ಅಲೆಯೊಡನೆ ಒಟ್ಟಾಗಿ ತೂಗಾಡುತ್ತವೆ; ಆ ತೂಗಾಟಕ್ಕೆ ಹೊಂದುವ ಬಣ್ಣವನ್ನು ಕಣವು ಹೀರುತ್ತದೆ ಇಲ್ಲವೆ ಚೆದುರಿಸುತ್ತದೆ.

ಕಾರಣವು ತಿಳಿದುದರಿಂದಲೇ ವರ್ಣವನ್ನು ಆಳುವ ಮಾರ್ಗವೂ ತೆರೆಯಿತು. 2019ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಚಿನ್ನದ ಕಣಗಳಿಗೆ ಪಾಲಿಅನಿಲೀನ್ ಎಂಬ ಪಾಲಿಮರನ್ನು ಲೇಪಿಸಿ, ವಿದ್ಯುತ್ತಿನಿಂದ ಆ ಲೇಪದ ಸ್ಥಿತಿಯನ್ನು ಬದಲಿಸಿ, ತನ್ಮೂಲಕ ಬಣ್ಣವನ್ನೇ ಬದಲಿಸಿದರು. 2021ರಲ್ಲಿ ಜರ್ಮನಿಯ ಷ್ಟುಟ್‌ಗಾರ್ಟಿನ ಸಂಶೋಧಕರು ಪಾಲಿಮರಿನಿಂದಲೇ ಅತಿಸೂಕ್ಷ್ಮ ಆಂಟೆನಾಗಳನ್ನು ರಚಿಸಿ, ಕೇವಲ ಒಂದು ವೋಲ್ಟಿನ ಬಲದಿಂದ ಅವು ಸೆಕೆಂಡಿಗೆ 30 ಸಲದವರೆಗೆ ಲೋಹದ ಗುಣವನ್ನು ತಳೆದು ಬಿಡುವಂತೆ ಮಾಡಿದರು. ಆ ಪ್ರಯೋಗ ನಡೆದುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಮೇಲೆ.

ಇಷ್ಟು ದೂರದ ವಿಷಯ ಶಾಲಾಬಾಲಕರಿಗೇಕೆ ಎನ್ನುವವರುಂಟು. ಫ್ಯಾರಡೆಯ ಕಾಲದಲ್ಲಿ ಅವನ ಕೆಂಪು ನೀರೂ ನಿರುಪಯುಕ್ತವೆಂದೇ ತೋರಿರಬೇಕು. ಶಾಲೆಯು ಕಲಿಸಬೇಕಾದುದು ಯಂತ್ರವನ್ನಲ್ಲ, ಕಾರಣವನ್ನು ಅರಸುವ ಬುದ್ಧಿಯನ್ನು. ಅದಕ್ಕೆ ಬಹು ಬೆಲೆಯ ಉಪಕರಣಗಳೂ ಬೇಡ. ಕತ್ತಲೆಯ ಕೋಣೆಯಲ್ಲಿ ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಬೆರೆಸಿ ಟಾರ್ಚು ಹಾಯಿಸಿದರೆ, ಪಕ್ಕದಿಂದ ನೋಡುವವನಿಗೆ ನಸುನೀಲಿ, ಎದುರಿನಿಂದ ನೋಡುವವನಿಗೆ ಕಿತ್ತಳೆ ಛಾಯೆ ತೋರುತ್ತದೆ. ಇಲ್ಲಿ ಲೋಹವಿಲ್ಲ, ಎಲೆಕ್ಟ್ರಾನುಗಳ ಆ ತೂಗಾಟವೂ ಇಲ್ಲ; ಆದರೂ ಬಣ್ಣ ಹಾಕದೆ ಬಣ್ಣ ಹುಟ್ಟಿತು. ಬಿಳಿಯ ಹಾಲಿಗೆ ನೀಲಿ ಎಲ್ಲಿಂದ ಬಂದಿತೆಂದು ಬಾಲಕನು ಕೇಳುವನು. ಪಠ್ಯದಲ್ಲಿಲ್ಲವೆಂದು ಆ ಪ್ರಶ್ನೆಯನ್ನು ತಳ್ಳಿಹಾಕುವುದು ಉಪಾಧ್ಯಾಯಧರ್ಮವಲ್ಲ.

ದಾನಿಗಳು ಶಾಲೆಗಳಿಗೆ ಕಂಪ್ಯೂಟರುಗಳನ್ನು ಉದಾರವಾಗಿ ಕೊಡುತ್ತಿದ್ದಾರೆ, ಅದು ಸ್ತುತ್ಯ. ಅದರೊಡನೆ ಪ್ರತಿ ಶಾಲೆಗೂ ಒಂದು ಕತ್ತಲೆ ಕೋಣೆ, ನಾಲ್ಕು ಟಾರ್ಚು, ವಾರಕ್ಕೊಂದು ಪ್ರಯೋಗದ ಗಂಟೆ ದೊರಕಲಿ. ಪರದೆಯ ಮೇಲಿನ ಬಣ್ಣವನ್ನು ನೋಡುವ ಮಕ್ಕಳು ಅನೇಕರಿದ್ದಾರೆ. ಅದು ಏಕೆ ಆ ಬಣ್ಣವೆಂದು ಕೇಳುವ ಮಕ್ಕಳು ಬೇಕಾಗಿದ್ದಾರೆ.