ಮೇಷ್ಟ್ರು ಅನ್ನೋ 'ಪಾಪ'

ಮೊನ್ನೆ ಪರಿಚಯದ ಶಿಕ್ಷಕರೊಬ್ಬರು ಫೋನ್ ಮಾಡಿದ್ರು. "ನಮ್ಮ ಶಾಲೆಯ ಎಸ್ಸಿ ಮಕ್ಕಳನ್ನ ನಾನು ತುಂಬಾ ಕನಿಕರದಿಂದ ನೋಡ್ಕೊತೀನಿ. ಆದ್ರೂ ಅವು ನನ್ನ ಹತ್ರ ಮನಸ್ಸು ಬಿಚ್ಚಲ್ಲ, ಯಾಕೆ?" ಅಂದ್ರು. ಒಳ್ಳೆ ಮನುಷ್ಯ. ಫೋನಲ್ಲಿ ಉತ್ತರ ಹೇಳೋಕಾಗಲಿಲ್ಲ, ಇಲ್ಲಿ ಬರೀತಿದ್ದೀನಿ.

ಏಳನೇ ಕ್ಲಾಸಲ್ಲಿ ನನಗೊಬ್ಬರು ಮೇಷ್ಟ್ರಿದ್ರು. ಬೈತಿರಲಿಲ್ಲ, ಹೊಡೀತಿರಲಿಲ್ಲ. ಲೆಕ್ಕ ತಪ್ಪಾದ್ರೆ "ಬಿಡು, ಪಾಪ, ಮನೇಲಿ ಹೇಳ್ಕೊಡೋರಿಲ್ಲ" ಅಂತ ಮುಂದಿನ ಹುಡುಗನ ಹತ್ರ ಹೋಗೋರು. ಸ್ಕಾಲರ್‌ಶಿಪ್ ಬಂದಾಗ "ಎಸ್ಸಿ ಹುಡುಗ್ರೆಲ್ಲಾ ಎದ್ದು ನಿಲ್ರಪ್ಪಾ" ಅನ್ನೋರು. ಇಡೀ ಕ್ಲಾಸು ತಿರುಗಿ ನೋಡೋದು. ಅವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ವರ್ಷ ನಾನು ಲೆಕ್ಕ ಕಲಿಯಲೇ ಇಲ್ಲ. ಮನೇಲಿ ಅಕ್ಕಿ ಇಲ್ಲ ಅಂತ ಅವರಿಗೆ ಹೇಳಲೂ ಇಲ್ಲ. ಹೇಳಿದ್ರೆ ಇನ್ನೊಂದು 'ಪಾಪ' ಬರ್ತಿತ್ತು, ಅಷ್ಟೇ.

ಹೈಸ್ಕೂಲಿನ ಟೀಚರ್ ಬೇರೆ ಥರ. ತಪ್ಪು ಲೆಕ್ಕ ವಾಪಸ್ ಕೊಟ್ಟು, "ನಿನ್ನ ಕೈಲಾಗುತ್ತೆ, ಮತ್ತೆ ಮಾಡ್ಕೊಂಡು ಬಾ" ಅನ್ನೋರು. ಸಂಜೆ ಪಕ್ಕದಲ್ಲೇ ಕೂತು ಮಾಡಿಸೋರು. ಸ್ಕಾಲರ್‌ಶಿಪ್ ಅರ್ಜಿಗೆ ಒಬ್ಬೊಬ್ಬರನ್ನೇ ಕರೆಯೋರು. ಮನೆ ಕಷ್ಟ ಅವರಿಗೆ ನಾನಾಗೇ ಹೇಳಿದೆ.

ಬಾಬಾಸಾಹೇಬರು ಸಾತಾರಾದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು, ಜವಾನ ನಲ್ಲಿ ತಿರುಗಿಸದಿದ್ರೆ ನೀರಿಲ್ಲ. ಅಲ್ಲಿ ತಮ್ಮ ಬುತ್ತಿಯಲ್ಲಿ ಅವರಿಗೆ ಪಾಲು ಕೊಡ್ತಿದ್ದ ಮೇಷ್ಟ್ರೂ ಇದ್ರು. ಆ ಪ್ರೀತಿಯನ್ನ ಬಾಬಾಸಾಹೇಬರು ಕೊನೇವರೆಗೂ ನೆನೆದರು. ಆದರೆ ಗೋಣಿತಟ್ಟು ಹಾಗೇ ಇತ್ತು. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೇಳುಸ್ಕರ್ ಗುರುಗಳು ತಾವು ಬರೆದ ಬುದ್ಧ ಚರಿತ್ರೆಯನ್ನ ಕೈಗಿಟ್ಟರು. ಮುಂದೆ ಕಾಲೇಜಿಗೆ ದುಡ್ಡಿಲ್ಲದಾಗ ಬರೋಡಾದ ಸಯಾಜಿರಾವ್ ಮಹಾರಾಜರ ಹತ್ರ ಮಾತಾಡಿ, ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಡಿಸಿದರು. ಒಬ್ಬರ ಕರುಣೆ ಆ ಹೊತ್ತಿನ ಹಸಿವು ನೀಗಿಸಿತು. ಇನ್ನೊಬ್ಬರದು ದಾರಿ ಮಾಡಿಕೊಟ್ಟಿತು.

2023ರ ಡಿಸೆಂಬರಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದು ಬಯಲಾಯ್ತು. ಅಲ್ಲೂ ಮೇಷ್ಟ್ರುಗಳಿದ್ರು.

ಸರ್, ನಾಳೆ ನಿಮ್ಮ ಶಾಲೆಯಲ್ಲೇ ನೋಡಿ. ಕಕ್ಕಸು ತೊಳೆಯೋಕೆ ಯಾವ ಮಕ್ಕಳನ್ನ ಕಳಿಸ್ತಾರೆ? ಬಿಸಿಯೂಟಕ್ಕೆ ಯಾರು ಯಾರ ಪಕ್ಕ ಕೂರ್ತಾರೆ? ತಪ್ಪು ಕಂಡ್ರೆ ಸ್ಟಾಫ್‌ರೂಮಲ್ಲಿ ಒಂದು ಮಾತು ಎತ್ತಿ. ಮಕ್ಕಳಿಗೆ ಎಲ್ಲಾ ಗೊತ್ತಾಗುತ್ತೆ. ನೀವು ತಮ್ಮ ಪರ ನಿಂತಿರಿ ಅಂತ ಗೊತ್ತಾದ ದಿನ ಅವೇ ನಿಮ್ಮ ಹತ್ರ ಬಂದು ಮಾತಾಡ್ತವೆ.

ಜೈ ಭೀಮ್.