ಕುಲಾಧಿಪತಿ ಬದಲಾದರೆ ಸಾಕೇ?

ರಾಜ್ಯಪಾಲರ ಬದಲು ಮುಖ್ಯಮಂತ್ರಿ ಕುಲಾಧಿಪತಿಯಾದರೆ ವಿಶ್ವವಿದ್ಯಾಲಯಗಳ ರೋಗ ವಾಸಿಯಾಗುತ್ತದೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ತೋರಿದ ನಂಬಿಕೆ ಓದಿ ನಗು ಬಂತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಹಾಗೆ ಮಾಡುವ ಮಸೂದೆಗೆ ಶಾಸಕಾಂಗ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಸರಿ, ಸಹಿ ಹಾಕುವ ಕೈ ಬದಲಾಗಬಹುದು. ಶಿಫಾರಸು ಚೀಟಿ ಹಿಡಿದು ಕಾಯುವವರ ಸಾಲು?

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆಯನ್ನು ಅವರು ಮತ್ತೊಮ್ಮೆ ತಿರುವಿ ನೋಡಲಿ. ಕುಲಪತಿಯನ್ನು ಹುಡುಕುವ ಶೋಧನಾ ಸಮಿತಿಯಲ್ಲಿ ಸರ್ಕಾರದ ಪ್ರತಿನಿಧಿ ಇದ್ದೇ ಇರುತ್ತಾರೆ. ನೇಮಕಕ್ಕೆ ಸರ್ಕಾರದ ಸಹಮತಿಯೂ ಬೇಕು. ಅಂದಮೇಲೆ ಇಷ್ಟು ವರ್ಷಗಳ ನೇಮಕದ ಪಾಪವನ್ನೆಲ್ಲ ರಾಜಭವನದ ತಲೆಗೇ ಕಟ್ಟುವುದು ಹೇಗೆ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2025ರ ಕರಡು ನಿಯಮ ಆ ಸಮಿತಿಯಿಂದ ರಾಜ್ಯವನ್ನೇ ಹೊರಗಿಡಲು ಹೊರಟಿತ್ತು. ಲೇಖಕರು ಅದನ್ನು ವಿರೋಧಿಸಿದ್ದು ನ್ಯಾಯವೇ. ಅಲ್ಲಿ ನನ್ನದೂ ಅವರದೂ ಒಂದೇ ಮಾತು.

ಆದರೆ ರೋಗ ಕುಲಾಧಿಪತಿಯ ಕುರ್ಚಿಯಲ್ಲಷ್ಟೇ ಇಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದದ್ದು ಹಣ, ಜಾಗ, ಸಿಬ್ಬಂದಿ ಇಲ್ಲವೆಂದು. ಒಂದು ಸರ್ಕಾರ ಬೋರ್ಡು ಹಾಕಿತು, ಇನ್ನೊಂದು ಕೀಳಲು ಹೊರಟಿತು. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುವ ವಿಭಾಗಕ್ಕೆ ಕುಲಾಧಿಪತಿ ಯಾರಾದರೇನು? ಸಿಂಡಿಕೇಟಿಗೆ ನಾಮನಿರ್ದೇಶನ ಮಾಡುವಾಗ ಪಕ್ಷದ ಗುರುತು ನೋಡುವುದಿಲ್ಲವೆಂದು ಸರ್ಕಾರ ಬರೆದುಕೊಡುತ್ತದೆಯೇ? ಲೇಖಕರು ಅದನ್ನು ಕೇಳಲೇ ಇಲ್ಲ.