ಬೆತ್ತವಿಲ್ಲದ ದ್ವೀಪದಲ್ಲಿ

ದೊಡ್ಡವರ ಕಣ್ಗಾವಲು ತಪ್ಪಿದರೆ ಮಕ್ಕಳು ಏನಾಗುತ್ತಾರೆ? ಈ ಪ್ರಶ್ನೆ ಎದ್ದಾಗಲೆಲ್ಲ ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ ಕಾದಂಬರಿಯನ್ನು ಸಾಕ್ಷಿಗೆ ಕರೆಯುವುದು ರೂಢಿ. 1954ರಲ್ಲಿ ಲಂಡನ್ನಿನ ಫೇಬರ್ ಅಂಡ್ ಫೇಬರ್ ಸಂಸ್ಥೆ ಪ್ರಕಟಿಸಿದ ಈ ಪುಸ್ತಕವನ್ನು ಓದದವರಿಗೂ ಅದರ ತೀರ್ಪು ಗೊತ್ತು. ನಾಗರಿಕತೆ ಎಂಬುದು ಮೇಲುಮೇಲಿನ ಲೇಪ, ಕೆರೆದರೆ ಒಳಗಿರುವುದು ಮೃಗ. ಆದ್ದರಿಂದ ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ಬೆತ್ತ ಬೇಕು, ಜನರನ್ನು ಹದ್ದುಬಸ್ತಿನಲ್ಲಿಡಲು ಲಾಠಿ ಬೇಕು. ದಂಡಂ ದಶಗುಣಂ ಎಂಬ ನಮ್ಮ ಹಳೆಯ ಮಾತಿಗೆ ಸಾಹಿತ್ಯದಿಂದ ದೊರೆತ ಸಮರ್ಥನೆಯ ಹಾಗೆ ಈ ಕಾದಂಬರಿ ಬಳಕೆಯಾಗುತ್ತ ಬಂದಿದೆ.

ಕಾದಂಬರಿಯನ್ನು ನಿಧಾನವಾಗಿ ಓದಿದರೆ ಅದು ಬೆತ್ತದ ಪರವಾಗಿ ಸಾಕ್ಷಿ ನುಡಿಯುವುದಿಲ್ಲ ಎಂಬುದು ನನ್ನ ವಾದ. ಭಯದ ಮೇಲೆ ಕಟ್ಟಿದ ಶಿಸ್ತು, ಭಯಪಡಿಸುವವನು ಮರೆಯಾದ ಕೂಡಲೇ ಕುಸಿಯುತ್ತದೆ. ಕುಸಿಯುವಾಗ ಕ್ರೌರ್ಯಕ್ಕೆ ಬೇಕಾದ ಪಡೆಯನ್ನೂ ಒದಗಿಸಿ ಹೋಗುತ್ತದೆ. ಆ ದ್ವೀಪದ ಕಥೆ ಹೇಳುವುದು ಇದನ್ನೇ.

ಗೋಲ್ಡಿಂಗ್ ಇದನ್ನು ಬರೆದ ಹಿನ್ನೆಲೆ ಗೊತ್ತಿರಬೇಕು. ಎರಡನೆಯ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ನೌಕಾಪಡೆಯಲ್ಲಿದ್ದರು. 1944ರ ಜೂನ್‌ನಲ್ಲಿ ನಾರ್ಮಂಡಿಯ ದಡದ ಮೇಲೆ ರಾಕೆಟ್ ಸುರಿಸಿದ ನೌಕೆಯೊಂದರ ಅಧಿಕಾರಿ ಅವರೇ. ಯುದ್ಧ ಮುಗಿದ ಮೇಲೆ ಸಾಲ್ಸ್‌ಬರಿಯ ಬಿಷಪ್ ವರ್ಡ್ಸ್‌ವರ್ತ್ ಶಾಲೆಯ ಮೇಷ್ಟರ ಕೆಲಸಕ್ಕೆ ಮರಳಿದರು. ಆ ಕಾಲದ ಇಂಗ್ಲಿಷ್ ಹುಡುಗರು ಓದಿ ಬೆಳೆದದ್ದು ಬ್ಯಾಲಂಟೈನ್ ಬರೆದ ‘ಕೋರಲ್ ಐಲೆಂಡ್’ ಬಗೆಯ ಸಾಹಸಕಥೆಗಳನ್ನು. ಅವುಗಳಲ್ಲಿ ಬಿಳಿಯ ಹುಡುಗರು ದ್ವೀಪದಲ್ಲಿ ನಗುನಗುತ್ತ ಬದುಕುತ್ತಾರೆ. ಕೇಡು ಹೊರಗಿನಿಂದ, ಕಡಲ್ಗಳ್ಳರ ಮತ್ತು ನರಭಕ್ಷಕರ ರೂಪದಲ್ಲಿ ಬರುತ್ತದೆ. ಯುರೋಪಿನ ಸುಶಿಕ್ಷಿತರು ಕಟ್ಟಿದ ಕೊಲೆಗಾರ ಶಿಬಿರಗಳ ಸುದ್ದಿ ಕೇಳಿದ ಮೇಲೆ ಗೋಲ್ಡಿಂಗ್‌ಗೆ ಆ ಕಥೆಯನ್ನು ನಂಬಲಾಗಲಿಲ್ಲ. ಸಮಾಜದ ದೋಷಗಳ ಬೇರು ಮನುಷ್ಯ ಸ್ವಭಾವದ ದೋಷದಲ್ಲಿದೆ ಎಂದು ತೋರಿಸುವುದೇ ತನ್ನ ಉದ್ದೇಶ ಎಂದರು. ಹಲವು ಪ್ರಕಾಶಕರು ತಿರಸ್ಕರಿಸಿದ ಹಸ್ತಪ್ರತಿಯನ್ನು ಉಳಿಸಿ ತಿದ್ದಿಸಿದವರು ಫೇಬರ್‌ನ ತರುಣ ಸಂಪಾದಕ ಚಾರ್ಲ್ಸ್ ಮಾಂಟೀತ್. 1983ರಲ್ಲಿ ಗೋಲ್ಡಿಂಗ್ ನೊಬೆಲ್ ಪಡೆದರು.

ಲೇಖಕರ ಉದ್ದೇಶ ಹಾಗಿದ್ದರೂ ಕಥೆ ಬೇರೆ ಸಂಗತಿಗಳನ್ನೂ ಹೇಳುತ್ತದೆ. ಅಣುಯುದ್ಧದ ನಡುವೆ ಮಕ್ಕಳನ್ನು ಸಾಗಿಸುತ್ತಿದ್ದ ವಿಮಾನ ಬಿದ್ದು, ಹುಡುಗರ ಗುಂಪೊಂದು ನಿರ್ಜನ ದ್ವೀಪ ಸೇರುತ್ತದೆ. ಅವರು ನಾಗರಿಕತೆಯನ್ನು ಹಿಂದೆ ಬಿಟ್ಟು ಬರಿಗೈಯಲ್ಲಿ ಬಂದವರಲ್ಲ. ಜ್ಯಾಕ್ ಮತ್ತು ಅವನ ಸಂಗಡಿಗರು ಚರ್ಚಿನ ಗಾಯಕವೃಂದದವರು. ಸುಡುಬಿಸಿಲಿನಲ್ಲಿ ಕಪ್ಪು ನಿಲುವಂಗಿ ತೊಟ್ಟು, ಎರಡು ಸಾಲಾಗಿ ಹೆಜ್ಜೆ ಹಾಕಿಕೊಂಡು ಅವರು ಸಭೆಗೆ ಬರುತ್ತಾರೆ. ಸೈಮನ್ ಎಂಬ ಹುಡುಗ ಬಿಸಿಲಿಗೆ ತಲೆ ಸುತ್ತಿ ಬೀಳುತ್ತಾನೆ. ತಾನು ವಿದ್ಯಾರ್ಥಿನಾಯಕ, ಗಾಯನದಲ್ಲಿ ಮುಂದು, ಆದ್ದರಿಂದ ತಾನೇ ಒಡೆಯನಾಗಬೇಕು ಎಂಬುದು ಜ್ಯಾಕ್‌ನ ವಾದ. ಮತ ಹಾಕುವಾಗ ವೃಂದದ ಹುಡುಗರು ಉತ್ಸಾಹವಿಲ್ಲದೆ, ಬರೀ ವಿಧೇಯತೆಯಿಂದ ಅವನಿಗೆ ಕೈ ಎತ್ತುತ್ತಾರೆ. ಮುಂದೆ ಬೇಟೆಗಾರರಾಗುವವರು, ಮುಖಕ್ಕೆ ಬಣ್ಣ ಬಳಿದುಕೊಳ್ಳುವವರು ಬಹುತೇಕ ಇವರೇ. ದ್ವೀಪದ ಹಿಂಸೆ ಹುಟ್ಟುವುದು ಅಲ್ಲಿನ ಅತ್ಯಂತ ಶಿಸ್ತಿನ ಗುಂಪಿನಿಂದ. ಶಾಲೆಯ ಶಿಕ್ಷಣ ಇನ್ನೂ ಸರಿಯಾಗಿ ತಾಕಿರದ ಆರು ವರ್ಷದ ಪುಟಾಣಿಗಳು ಮರಳಿನಲ್ಲಿ ಆಡುತ್ತಾರೆ, ಹಣ್ಣು ತಿನ್ನುತ್ತಾರೆ, ರಾತ್ರಿ ಹೆದರಿ ಅಳುತ್ತಾರೆ.

ಇನ್ನೊಂದು ಸನ್ನಿವೇಶ ಬೆತ್ತದ ವಾದದ ಮರ್ಮಕ್ಕೇ ತಾಗುತ್ತದೆ. ರೋಜರ್ ಎಂಬ ಹುಡುಗ ಚಿಕ್ಕವನೊಬ್ಬನ ಕಡೆಗೆ ಕಲ್ಲು ಬೀರುತ್ತಾನೆ, ಆದರೆ ತಾಗದಂತೆ ಬೀರುತ್ತಾನೆ. ಮನೆ, ಶಾಲೆ, ಪೊಲೀಸು, ಕಾನೂನು ಎಲ್ಲವೂ ಸೇರಿ ಅವನ ತೋಳನ್ನು ಇನ್ನೂ ಹಿಡಿದಿವೆ. ನೋಡಿ, ಶಿಕ್ಷೆಯ ಹೆದರಿಕೆಯೇ ಆ ಮಗುವನ್ನು ಕಾಪಾಡಿತು ಎಂದು ಬೆತ್ತದ ಪರವಾದವರು ಹೇಳಬಹುದು. ಆದರೆ ಆ ಕಾಪು ಎಷ್ಟು ದಿನ ಉಳಿಯಿತು? ಆ ಚಿಕ್ಕವನಿಗೆ ನೋವಾಗುತ್ತದೆ ಎಂಬ ವಿಚಾರ ರೋಜರ್‌ನ ಮನಸ್ಸಿಗೆ ಹೊಳೆದೇ ಇರಲಿಲ್ಲ. ತನಗೆ ಏಟು ಬೀಳುತ್ತದೆ ಎಂಬುದಷ್ಟೇ ಗೊತ್ತಿತ್ತು. ಏಟು ಕೊಡುವವರು ಇಲ್ಲವೆಂದು ಖಾತ್ರಿಯಾದ ಮೇಲೆ ಅವನೇ ಬಂಡೆ ಉರುಳಿಸಿ ಪಿಗ್ಗಿ ಎಂಬ ಹುಡುಗನನ್ನು ಕೊಲ್ಲುತ್ತಾನೆ.

ಇಷ್ಟಕ್ಕೂ ಆ ದ್ವೀಪ ಕೊನೆಯವರೆಗೂ ಬೆತ್ತವಿಲ್ಲದೆ ಉಳಿಯಲಿಲ್ಲ. ಜ್ಯಾಕ್ ಬೇರೆ ಪಂಗಡ ಕಟ್ಟಿದ ಮೇಲೆ ಅಲ್ಲಿ ಕಾವಲಿದೆ, ಆಜ್ಞೆಯಿದೆ, ಶಿಕ್ಷೆಯಿದೆ. ವಿಲ್ಫ್ರೆಡ್ ಎಂಬ ಹುಡುಗನನ್ನು ಕಟ್ಟಿಹಾಕಿಸಿ ಹೊಡೆಯುತ್ತಾರೆ. ಯಾವ ತಪ್ಪಿಗೆ ಎಂಬುದು ಯಾರಿಗೂ ಗೊತ್ತಿಲ್ಲ. ಮೊದಲು ಹುಡುಗರು ನಾಯಕನಾಗಿ ಆರಿಸಿದ್ದ ರಾಲ್ಫ್‌ನ ಸಭೆ ಶಿಕ್ಷೆಯೆಂದು ಯಾರನ್ನೂ ಹೊಡೆಸಿರಲಿಲ್ಲ. ಕೊಲೆಗಳು ನಡೆದದ್ದು ಕಟ್ಟುನಿಟ್ಟು ಹೆಚ್ಚಾದಂತೆ, ಭಯ ಆಳತೊಡಗಿದಂತೆ.

ಹಾಗಾದರೆ ರಾಲ್ಫ್‌ನ ಸಭೆ ಯಾಕೆ ಸೋತಿತು? ಇದು ನ್ಯಾಯವಾದ ಪ್ರಶ್ನೆ. ಶಂಖ ಹಿಡಿದವನಿಗೆ ಮಾತಾಡುವ ಹಕ್ಕು ಎಂಬ ಸೊಗಸಾದ ನಿಯಮ ಅಲ್ಲಿತ್ತು. ಆದರೆ ಮಾತಿಗೆ ನಿಯಮವಿತ್ತು, ದುಡಿಮೆಗೆ ಇರಲಿಲ್ಲ. ಗುಡಿಸಲು ಕಟ್ಟೋಣ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು, ಕಟ್ಟಲು ಕೊನೆಗೆ ಉಳಿದವರು ರಾಲ್ಫ್ ಮತ್ತು ಸೈಮನ್ ಇಬ್ಬರೇ. ಬೆಂಕಿ ಕಾಯುವ ಹೊಣೆ ಹೊತ್ತವರು ಹಂದಿ ಬೇಟೆಗೆ ಹೋದಾಗ ಬೆಂಕಿ ಆರಿತು, ಹಡಗೊಂದು ಅವರನ್ನು ಕಾಣದೆ ಸಾಗಿಹೋಯಿತು. ಪುಟಾಣಿಗಳಿಗೆ ಯಾವ ಕೆಲಸವೂ ಇರಲಿಲ್ಲ, ಅವರ ಮೇಲೆ ಯಾರ ಕಣ್ಣೂ ಇರಲಿಲ್ಲ. ಎಲ್ಲರ ಹೆಸರು ಬರೆದಿಡೋಣ ಎಂದವನು ಪಿಗ್ಗಿ. ಅವನ ದಪ್ಪ ಮೈಗೂ ಕನ್ನಡಕಕ್ಕೂ ನಕ್ಕು ಆ ಮಾತನ್ನು ತಳ್ಳಿಹಾಕಿದರು. ಮುಖದ ಮೇಲೆ ಮಚ್ಚೆಯಿದ್ದ ಪುಟ್ಟ ಹುಡುಗ ಮೊದಲ ಕಾಡ್ಗಿಚ್ಚಿನಲ್ಲಿ ಕಣ್ಮರೆಯಾದ. ಅವನ ಹೆಸರೂ ಯಾರಿಗೂ ತಿಳಿಯದು. ಕೊನೆಯಲ್ಲಿ ನೌಕಾಧಿಕಾರಿ ಬಂದು ಎಷ್ಟು ಜನರಿದ್ದೀರಿ ಎಂದು ಕೇಳಿದಾಗ ನಾಯಕನ ಬಳಿ ಉತ್ತರವಿಲ್ಲ. ಒಬ್ಬರಿಗೊಬ್ಬರು ಲೆಕ್ಕಕ್ಕೇ ಸಿಗದ ಕಡೆ ಸಭೆ ಉಳಿಯುವುದು ಕಷ್ಟ.

ಆ ಖಾಲಿ ಜಾಗದಲ್ಲಿ ಬೆಳೆದದ್ದು ಭಯ. ನಮ್ಮ ಹಿರಿಯರು ಹೆಸರಿಸಿದ ಅರಿಷಡ್ವರ್ಗದಲ್ಲಿ ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳಿವೆ, ಭಯ ಇಲ್ಲ. ಗೋಲ್ಡಿಂಗ್ ಈ ಏಳನೆಯದರ ಮೇಲೆ ಬೆಳಕು ಚೆಲ್ಲುತ್ತಾರೆ. ಮೃಗವಿದೆ ಎಂದು ಮೊದಲು ಹೇಳಿದ್ದು ಹೆದರಿದ ಮಗು. ರಾಲ್ಫ್ ಅದನ್ನು ಅಲ್ಲಗಳೆದ, ಸಮಾಧಾನಪಡಿಸಲಿಲ್ಲ. ಜ್ಯಾಕ್ ಅದಕ್ಕೆ ಹೆಸರು, ನೈವೇದ್ಯ, ಬೇಟೆಯ ಕುಣಿತ ಎಲ್ಲವನ್ನೂ ಕೊಟ್ಟ. ಬೆಟ್ಟದ ಮೇಲಿರುವುದು ಮೃಗವಲ್ಲ, ಪ್ಯಾರಾಚೂಟಿಗೆ ಸಿಕ್ಕಿದ ಸತ್ತ ಸೈನಿಕ ಎಂಬ ನಿಜವನ್ನು ಹೇಳಲು ಇಳಿದುಬಂದ ಸೈಮನ್ ಆ ಕುಣಿತದ ಕತ್ತಲಲ್ಲಿ ಸತ್ತ. ರಾಲ್ಫ್ ಮತ್ತು ಪಿಗ್ಗಿ ಕೂಡ ಆ ವೃತ್ತದ ಅಂಚಿನಲ್ಲಿದ್ದರು ಎಂಬುದನ್ನು ಲೇಖಕರು ಮುಚ್ಚಿಡುವುದಿಲ್ಲ. ಒಳ್ಳೆಯವರ ಗುಂಪು, ಕೆಟ್ಟವರ ಗುಂಪು ಎಂಬ ಸುಲಭದ ವಿಂಗಡಣೆ ಅಲ್ಲಿಗೆ ಮುಗಿಯಿತು. ಕೇಡಿನ ಬೀಜ ಎಲ್ಲರಲ್ಲೂ ಇದೆ ಎಂಬ ಗೋಲ್ಡಿಂಗ್ ಮಾತನ್ನು ನಾನು ಒಪ್ಪುತ್ತೇನೆ. ಅದು ತಾನಾಗಿ ಮೊಳೆಯುತ್ತದೆ ಎಂಬುದನ್ನು ಒಪ್ಪಲಾರೆ.

ಒಪ್ಪದಿರಲು ಕಾದಂಬರಿಯ ಹೊರಗೂ ಕಾರಣಗಳಿವೆ. ಪುಸ್ತಕ ಪ್ರಕಟವಾದ 1954ರಲ್ಲೇ ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ 22 ಹುಡುಗರನ್ನು ಎರಡು ತಂಡ ಮಾಡಿ ಪೈಪೋಟಿಗಿಳಿಸಿದರು. ಹುಡುಗರು ಧ್ವಜ ಸುಟ್ಟರು, ಒಬ್ಬರ ಬಿಡಾರಕ್ಕೆ ಇನ್ನೊಬ್ಬರು ನುಗ್ಗಿದರು. ಇದು ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧ. ಹಿಂದಿನ ವರ್ಷ, 1953ರಲ್ಲಿ, ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್ ಎಂಬಲ್ಲಿ ಇದೇ ಪ್ರಯೋಗ ಸೋತದ್ದು ಅಷ್ಟಾಗಿ ಪ್ರಸಿದ್ಧವಲ್ಲ. ಅಲ್ಲಿ ಹುಡುಗರನ್ನು ಮೊದಲು ಒಟ್ಟಿಗೆ ಬಿಟ್ಟಿದ್ದರು, ಅವರು ಗೆಳೆಯರಾಗಿಬಿಟ್ಟಿದ್ದರು. ಆಮೇಲೆ ಬೇರ್ಪಡಿಸಿ, ಸಂಶೋಧಕರೇ ಗುಟ್ಟಾಗಿ ಕಿತಾಪತಿ ಮಾಡಿ ಕಿಚ್ಚು ಹೊತ್ತಿಸಲು ನೋಡಿದರೂ ಅವರು ಹೊಡೆದಾಡಲಿಲ್ಲ. ಅನುಮಾನ ಬಂದದ್ದು ದೊಡ್ಡವರ ಮೇಲೆ. ಆದ್ದರಿಂದಲೇ ಮರುವರ್ಷ ಎರಡು ತಂಡಗಳನ್ನು ಮೊದಲಿನಿಂದಲೂ ಪರಸ್ಪರ ಕಾಣದಂತೆ ಇಡಲಾಯಿತು. ಒಂದೇ ವಯಸ್ಸಿನ, ಒಂದೇ ಬಗೆಯ ಮಕ್ಕಳು. ಫಲ ಬೇರೆಯಾದದ್ದು ದೊಡ್ಡವರು ಮಾಡಿದ ಏರ್ಪಾಡಿನಿಂದ. ಶಾಲೆಯ ಪ್ರವಾಸವೊಂದರಲ್ಲಿ ಗೋಲ್ಡಿಂಗ್ ಮೇಷ್ಟರು ಕೂಡ ತಮ್ಮ ಹುಡುಗರನ್ನು ದಾಳಿಯಿಡುವವರು, ರಕ್ಷಿಸುವವರು ಎಂದು ಎರಡು ಪಾಲು ಮಾಡಿ ಏನಾಗುತ್ತದೆಂದು ನೋಡಿದ್ದರು ಎಂಬ ಸಂಗತಿ ಜಾನ್ ಕೇರಿ ಬರೆದ ಜೀವನಚರಿತ್ರೆಯಲ್ಲಿ ಇದೆ.

ಇನ್ನೂ ಸ್ಪಷ್ಟವಾದ ಪರೀಕ್ಷೆಯನ್ನು ಸಮುದ್ರವೇ ನಡೆಸಿತ್ತು. 1864ರಲ್ಲಿ ನ್ಯೂಜಿಲೆಂಡಿನ ದಕ್ಷಿಣಕ್ಕಿರುವ, ಸದಾ ಮಳೆ ಗಾಳಿಯ ಆಕ್ಲೆಂಡ್ ದ್ವೀಪಕ್ಕೆ ಬಡಿದು ಎರಡು ಹಡಗುಗಳು ಒಡೆದವು. ಒಂದು ಜನವರಿಯಲ್ಲಿ, ಇನ್ನೊಂದು ಮೇ ತಿಂಗಳಲ್ಲಿ. ಒಂದು ಗುಂಪಿಗೆ ಇನ್ನೊಂದರ ಸುಳಿವಿಲ್ಲ. ‘ಇನ್ವರ್ಕಾಲ್ಡ್’ ಹಡಗಿನಿಂದ 19 ಜನ ದಡ ಸೇರಿದರು. ಅವರಲ್ಲಿ ಒಗ್ಗಟ್ಟು ಮೂಡಲಿಲ್ಲ, ದುರ್ಬಲರನ್ನು ಬಿಟ್ಟು ಮುಂದೆ ಸಾಗಿದರು. ಬದುಕಿ ಮರಳಿದವರು ಮೂವರೇ. ‘ಗ್ರಾಫ್ಟನ್’ ಹಡಗಿನ ಐವರು ಬೇರೆ ಬೇರೆ ದೇಶಗಳವರಾದರೂ ಒಂದು ಮನೆ ಕಟ್ಟಿಕೊಂಡರು. ಒಬ್ಬ ಮುಖ್ಯಸ್ಥನನ್ನು ಆರಿಸಿ, ಬೇಕಾದರೆ ಅವನನ್ನು ಇಳಿಸುವ ಹಕ್ಕನ್ನೂ ಇಟ್ಟುಕೊಂಡರು. ಸಂಜೆಯ ಹೊತ್ತು ಒಬ್ಬರಿಗೊಬ್ಬರು ಓದು ಬರಹ, ಭಾಷೆ ಕಲಿಸಿದರು. ಇಸ್ಪೀಟು ಜಗಳ ತರುತ್ತದೆಂದು ಕಂಡಾಗ, ತಾನೇ ಮಾಡಿದ್ದ ಎಲೆಗಳನ್ನು ಫ್ರಾನ್ಸುವಾ ರೇನಾಲ್ ನಾಶಮಾಡಿದ. ಸುಮಾರು 20 ತಿಂಗಳ ನಂತರ ಐವರೂ ಬದುಕಿ ಹೊರಬಂದರು. ಋತು, ಸಾಮಗ್ರಿ, ಅದೃಷ್ಟಗಳಲ್ಲಿ ವ್ಯತ್ಯಾಸವಿತ್ತು, ನಿಜ. ಆದರೆ ದ್ವೀಪ ಅದೇ, ಹಸಿವು ಅದೇ, ಮನುಷ್ಯ ಸ್ವಭಾವವೂ ಅದೇ.

ಮಕ್ಕಳ ವಿಷಯಕ್ಕೇ ಬಂದರೆ 1965ರ ಟೋಂಗಾದ ಘಟನೆಯಿದೆ. ವಸತಿಶಾಲೆಯ ಜೀವನ ಬೇಸರವಾದ ಆರು ಹದಿಹರೆಯದ ಹುಡುಗರು ಹೇಳದೆ ಕೇಳದೆ ಒಂದು ದೋಣಿ ತೆಗೆದುಕೊಂಡು ಹೊರಟು, ಬಿರುಗಾಳಿಗೆ ಸಿಕ್ಕಿ, ಅಟಾ ಎಂಬ ನಿರ್ಜನ ದ್ವೀಪ ಸೇರಿದರು. ಸುಮಾರು 15 ತಿಂಗಳ ಬಳಿಕ, 1966ರ ಸೆಪ್ಟೆಂಬರ್‌ನಲ್ಲಿ, ಆಸ್ಟ್ರೇಲಿಯಾದ ಪೀಟರ್ ವಾರ್ನರ್ ತನ್ನ ಹಡಗಿನಲ್ಲಿ ಅವರನ್ನು ಕರೆತಂದಾಗ ಆರೂ ಜನ ಜೀವಂತವಾಗಿದ್ದರು. ತೋಟ ಮಾಡಿದ್ದರು, ಬೆಂಕಿ ಆರದಂತೆ ಕಾಯ್ದಿದ್ದರು, ಇಬ್ಬಿಬ್ಬರ ಪಾಳಿಯಲ್ಲಿ ದುಡಿದಿದ್ದರು. ಜಗಳವಾದರೆ ಆ ಇಬ್ಬರು ಒಂದೊಂದು ದಿಕ್ಕಿಗೆ ಹೋಗಿ, ಸಿಟ್ಟಿಳಿದ ಮೇಲೆ ಬರುತ್ತಿದ್ದರು. ಒಬ್ಬ ಬಿದ್ದು ಕಾಲು ಮುರಿದುಕೊಂಡಾಗ ಉಳಿದವರು ಕಡ್ಡಿ ಕಟ್ಟಿ ಮೂಳೆ ಕೂಡಿಸಿ, ಅವನ ಕೆಲಸವನ್ನೂ ಹಂಚಿಕೊಂಡರು. ಡಚ್ ಲೇಖಕ ರುಟ್ಗರ್ ಬ್ರೆಗ್ಮನ್ ಈ ಘಟನೆಯನ್ನು ಮತ್ತೆ ಬೆಳಕಿಗೆ ತಂದು, ಗೋಲ್ಡಿಂಗ್‌ಗೆ ಇದೇ ಉತ್ತರ ಎಂದರು. ಅಷ್ಟು ದೂರ ನಾನು ಹೋಗಲಾರೆ. ಇವರು ಆರೇ ಜನ, ಮೊದಲೇ ಗೆಳೆಯರು, ಕಡಲನ್ನು ಬಲ್ಲ ಜನರ ಮಕ್ಕಳು. ಒಂದು ಘಟನೆಯಿಂದ ಮನುಷ್ಯ ಒಳ್ಳೆಯವನೆಂದು ಸಾಧಿಸಲಾಗದು. ಆದರೆ ಕಾಯುವವರಿಲ್ಲದ ಮಕ್ಕಳು ಮೃಗಗಳಾಗಿಯೇ ತೀರುತ್ತಾರೆ ಎಂಬ ಮಾತನ್ನು ಸುಳ್ಳಾಗಿಸಲು ಒಂದು ಘಟನೆ ಸಾಕು.

ಆ ಅಟಾ ದ್ವೀಪ ನಿರ್ಜನವಾದದ್ದು ಹೇಗೆಂಬುದೂ ಈ ಚರ್ಚೆಗೆ ಸೇರಿದ್ದೇ. ಅಲ್ಲಿ ಹಿಂದೆ ಜನವಸತಿಯಿತ್ತು. 1863ರಲ್ಲಿ ಹಡಗಿನಲ್ಲಿ ಬಂದ ಗುಲಾಮ ವ್ಯಾಪಾರಿಗಳು ವಂಚಿಸಿ ನೂರಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದರು. ಉಳಿದವರನ್ನು ಟೋಂಗಾದ ದೊರೆ ಬೇರೆ ದ್ವೀಪಕ್ಕೆ ಸ್ಥಳಾಂತರಿಸಿದ. ಹುಡುಗರನ್ನು ಬದುಕಿಸಿದ ಕೋಳಿಗಳು ಆ ಹಳೆಯ ನಿವಾಸಿಗಳು ಬಿಟ್ಟುಹೋದ ಸಂತತಿ. ದ್ವೀಪವನ್ನು ಬರಿದು ಮಾಡಿದವರು ಕಪ್ತಾನ, ಲೆಕ್ಕಪತ್ರ, ಶಿಸ್ತು ಎಲ್ಲವೂ ಇದ್ದ ಹಡಗಿನವರು. ಗೋಲ್ಡಿಂಗ್ ಕಾದಂಬರಿಯ ಕೊನೆಯಲ್ಲಿ ಬರುವ ಅಧಿಕಾರಿಯದೂ ಯುದ್ಧನೌಕೆಯೇ. ಹುಡುಗರ ಕೊಳಕು ಮುಖಗಳನ್ನು ಕಂಡು ಬೇಸರಪಡುವ ಅವನು ಹೊರಟಿರುವುದು ಅದಕ್ಕಿಂತ ದೊಡ್ಡ ಬೇಟೆಗೆ. ದೊಡ್ಡವರು ಬಂದರು, ಇನ್ನು ಎಲ್ಲ ಸರಿಹೋಯಿತು ಎಂದು ಓದುಗ ನಿಟ್ಟುಸಿರು ಬಿಡದಂತೆ ಲೇಖಕರು ನೋಡಿಕೊಂಡಿದ್ದಾರೆ.

ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹಾಗಿದ್ದೂ ಹೊಡೆಯದಿದ್ದರೆ ಮಕ್ಕಳು ಕೆಡುತ್ತಾರೆ ಎಂಬ ಮಾತು ಮನೆಗಳಲ್ಲೂ ಶಿಕ್ಷಕರ ಕೋಣೆಗಳಲ್ಲೂ ನಿಂತಿಲ್ಲ. ಬೆತ್ತ ಬೇಡ ಎಂದರೆ ನಿಯಮವೇ ಬೇಡ ಎಂದು ಅರ್ಥವಲ್ಲ. ನಿಯಮದಂತೆ ನಡೆಯುವ ಮಗುವಿಗೆ ಅದರ ಹಿಂದಿನ ಕಾರಣ ಗೊತ್ತಿರಬೇಕು. ತರಗತಿಯ ತೀರ್ಮಾನಗಳಲ್ಲಿ ಅದಕ್ಕೆ ದನಿಯಿರಬೇಕು. ಆ ತೀರ್ಮಾನವನ್ನು ನಡೆಸಿಕೊಡುವ ಕೆಲಸದಲ್ಲಿ ಪಾಲಿರಬೇಕು. ತನಗಿಂತ ಚಿಕ್ಕವರ, ದುರ್ಬಲರ ಹೊಣೆ ಹೊತ್ತ ಅನುಭವ ಇರಬೇಕು. ನನಗೆ ಹೆದರಿಕೆಯಾಗುತ್ತಿದೆ ಎಂದು ಹೇಳಿಕೊಂಡ ಮಗುವಿಗೆ ನಗೆಯ ಬದಲು ಕಿವಿ ಸಿಗಬೇಕು. ಪಿಗ್ಗಿಯಂಥ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರ ಮಾತಿಗೆ ಅಲ್ಲಿ ಬೆಲೆ ಸಿಗುತ್ತಿದೆಯೇ ಎಂದು ವಿಚಾರಿಸುವುದು ಫಲಿತಾಂಶದ ಶೇಕಡಾವಾರು ವಿಚಾರಿಸುವಷ್ಟೇ ಮುಖ್ಯವಾಗಬೇಕು.

ಮನುಷ್ಯ ಮೂಲತಃ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ಯಾವ ದ್ವೀಪವೂ ಕೊನೆಯ ಉತ್ತರ ಕೊಡುವುದಿಲ್ಲ. ಎರಡೂ ಆಗಬಲ್ಲವನು ಎಂಬುದಕ್ಕೆ ಮಾತ್ರ ಬೇಕಾದಷ್ಟು ಪುರಾವೆಯಿದೆ. ಹಾಗಿರುವಾಗ, ಯಾವುದು ರೂಢಿಯಾಗುವಂತೆ ಮಕ್ಕಳನ್ನು ಬೆಳೆಸುತ್ತಿದ್ದೇವೆ ಎಂಬುದಕ್ಕೆ ನಾವು ಜವಾಬ್ದಾರರು. ಕೇಡೆಲ್ಲ ಸ್ವಭಾವದ್ದು ಎಂದುಬಿಟ್ಟರೆ ಆ ಜವಾಬ್ದಾರಿಯಿಂದ ಸುಲಭವಾಗಿ ನುಣುಚಿಕೊಳ್ಳಬಹುದು. ‘ಲಾರ್ಡ್ ಆಫ್ ದ ಫ್ಲೈಸ್’ ಓದಿದವರಿಗೆ ಆ ಸೌಲಭ್ಯ ಇರಬಾರದು.